'ಕಾರಣದಿಂದ' ಎಂಬ ಒಂದು ಪದ: ಪೂರ್ವಗ್ರಹದ ಅಪರಾಧಗಳು ಮತ್ತು ನಮ್ಮ ದಂಡಕಾನೂನು

2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯವೊಂದು ನಡೆಯುತ್ತಿತ್ತು. ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆಯಾಗಿ ಆಗ ಐದೇ ದಿನ ಕಳೆದಿತ್ತು. ಪಂದ್ಯ ನಡೆಯುತ್ತಿದ್ದ ಜಾಗದಲ್ಲಿ, ಕೇರಳದ ವಯನಾಡು ಮೂಲದ ಮುಸ್ಲಿಂ ವ್ಯಕ್ತಿಯೊಬ್ಬರು ಗುಂಪಿನ ಹೊಡೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರು ಪಾಕಿಸ್ತಾನದ ಪರ ಘೋಷಣೆ ಕೂಗಿದರು ಎಂಬ ಮಾತು ಆಮೇಲೆ ಹರಿದಾಡಿತು. ಅದನ್ನು ಹೇಳಿದ್ದು ಹೊಡೆದವರ ಕಡೆಯವರೇ ಹೊರತು ಸತ್ತವರಿಂದ ಉತ್ತರ ಪಡೆಯುವಂತಿರಲಿಲ್ಲ. ಪೊಲೀಸರು ಮೊದಲು ದಾಖಲಿಸಿದ್ದು ಅಸಹಜ ಸಾವು, ಠಾಣೆಯ ಮಾತಿನಲ್ಲಿ ಹೇಳುವುದಾದರೆ ಒಂದು ಯುಡಿಆರ್. ಮೈಮೇಲಿನ ಗಾಯಗಳು ಬೇರೆಯದೇ ಕಥೆ ಹೇಳಿದ ಮೇಲೆ ಅದು ಕೊಲೆ ಪ್ರಕರಣವಾಯಿತು. ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನ 2ನೇ ಉಪಕಲಮು ಎಫ್‌ಐಆರ್‌ಗೆ ಬಂತು. ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿದಂತೆ ಮೂವರು ಪೊಲೀಸರು ಅಮಾನತಾದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಉಪಕಲಮು ಹೇಳುವುದಿಷ್ಟು: ಐದು ಅಥವಾ ಹೆಚ್ಚು ಮಂದಿಯ ಗುಂಪು ಒಟ್ಟಾಗಿ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದೇ ಬೇರೆ ಕಾರಣದಿಂದ ಕೊಲೆ ಮಾಡಿದರೆ, ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಗುಂಪು ಹತ್ಯೆಗೆ ದೇಶದ ದಂಡಸಂಹಿತೆಯಲ್ಲಿ ಪ್ರತ್ಯೇಕ ಜಾಗ ಸಿಕ್ಕಿದ್ದು ಇದೇ ಮೊದಲು. ಗುಂಪು ಹತ್ಯೆಗೆ ಪ್ರತ್ಯೇಕ ಕಾನೂನು ಬೇಕೆಂದು ಸುಪ್ರೀಂ ಕೋರ್ಟ್ 2018ರ ಜುಲೈ 17ರಂದೇ ಸಂಸತ್ತಿಗೆ ಶಿಫಾರಸು ಮಾಡಿತ್ತು. ಆದರೆ ಅದೇ ಕಲಮಿನ 1ನೇ ಉಪಕಲಮನ್ನು ಪಕ್ಕದಲ್ಲಿಟ್ಟು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸಾಮಾನ್ಯ ಕೊಲೆಗೂ ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿಯೇ. ಗುಂಪಿನಲ್ಲಿದ್ದವರೆಲ್ಲರನ್ನೂ ಹೊಣೆ ಮಾಡುವ ಕಾನೂನುಬಾಹಿರ ಕೂಟದ ನಿಯಮವೂ ಹಿಂದಿನಿಂದ ಇದ್ದದ್ದೇ. ಹಾಗಾಗಿ ಹೊಸ ಉಪಕಲಮು ಶಿಕ್ಷೆಯನ್ನು ಒಂದು ದಿನವೂ ಹೆಚ್ಚಿಸಿಲ್ಲ; ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕಾದ ಸಂಗತಿಯನ್ನು ಮಾತ್ರ ಒಂದು ಹೆಚ್ಚಿಸಿದೆ. ತೀವ್ರ ಗಾಯದ ವಿಷಯದಲ್ಲೂ ಹೀಗೆಯೇ: ಇಬ್ಬರ ಜಗಳದಲ್ಲಿ ಒಬ್ಬನ ಕೈ ಮುರಿದರೆ ಏಳು ವರ್ಷದವರೆಗೆ ಶಿಕ್ಷೆ, ಐದು ಜನ ಸೇರಿ ಜಾತಿಯ ಕಾರಣದಿಂದ ಮುರಿದರೂ ಏಳು ವರ್ಷದವರೆಗೇ. ಆ ಹೆಚ್ಚಿನ ಸಂಗತಿ ಅಡಗಿರುವುದು 'ಕಾರಣದಿಂದ' ಎಂಬ ಪದದಲ್ಲಿ. ಈ ಪದಕ್ಕೆ ನಮ್ಮ ನ್ಯಾಯಾಲಯಗಳಲ್ಲಿ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆಯನ್ನು ಬಲ್ಲವರಿಗೆ ಹೊಸ ಸಂಹಿತೆಯಲ್ಲಿ ಅದನ್ನು ಮತ್ತೆ ಕಂಡಾಗ ಕಳವಳವಾಗದೆ ಇರದು.

ದಂಡಕಾನೂನು ಸಾಮಾನ್ಯವಾಗಿ 'ಏಕೆ' ಎಂದು ಕೇಳುವುದಿಲ್ಲ. ಹಸಿದ ಮಗುವಿಗಾಗಿ ಅಕ್ಕಿ ಕದ್ದವನೂ ಕುಡಿತಕ್ಕಾಗಿ ಕದ್ದವನೂ ಕಳ್ಳತನದ ಅಪರಾಧಿಗಳೇ. ವ್ಯತ್ಯಾಸ ಬರುವುದು ಶಿಕ್ಷೆಯ ಪ್ರಮಾಣದಲ್ಲಿ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟಂತೆ. ಕಾನೂನಿಗೆ ಮುಖ್ಯವಾದದ್ದು ಉದ್ದೇಶ, ಅಂದರೆ ತಾನು ಮಾಡುತ್ತಿರುವುದೇನು ಎಂಬ ಅರಿವಿನಿಂದ, ಅದೇ ಪರಿಣಾಮ ಬೇಕೆಂದು ಮಾಡಿದನೇ ಎನ್ನುವುದು. ಅದರ ಹಿಂದಿನ ಹೇತು, ಅಂದರೆ ಆ ಪರಿಣಾಮ ಅವನಿಗೆ ಏಕೆ ಬೇಕಿತ್ತು ಎನ್ನುವುದು, ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿ ಮಾತ್ರ. ಕಣ್ಣಾರೆ ಕಂಡ ಸಾಕ್ಷಿ ಇದ್ದರೆ ಹೇತು ಸಾಬೀತಾಗದಿದ್ದರೂ ಕೊಲೆ ಕೊಲೆಯೇ ಎಂದು ನಮ್ಮ ನ್ಯಾಯಾಲಯಗಳು ಎಷ್ಟೋ ಸಲ ಹೇಳಿವೆ. ಪೂರ್ವಗ್ರಹದ ಅಪರಾಧವನ್ನು ಪ್ರತ್ಯೇಕವಾಗಿ ಗುರುತಿಸಹೊರಟಾಗ ಕಾನೂನು ತನ್ನ ಈ ಹಳೆಯ ಅಭ್ಯಾಸವನ್ನು ಬಿಟ್ಟು, ಒಬ್ಬನ ಮನಸ್ಸಿನೊಳಗಿನ ಹೇತುವನ್ನೇ ಅಪರಾಧದ ಅಂಗವನ್ನಾಗಿ ಮಾಡಬೇಕಾಗುತ್ತದೆ. ತೊಡಕು ಶುರುವಾಗುವುದು ಇಲ್ಲಿಂದ.

ಈ ತೊಡಕು ಸಂವಿಧಾನದ ಆರಂಭದ ವರ್ಷಗಳಲ್ಲಿ ಕಾನೂನು ಬರೆದವರಿಗೆ ಗೊತ್ತಿತ್ತು. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿಯನ್ನು ಜಾರಿಗೆ ತರಲು 1955ರಲ್ಲಿ ಬಂದ ಕಾಯ್ದೆ, 1976ರ ತಿದ್ದುಪಡಿಯ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ಅದರ 12ನೇ ಕಲಮು ನೇರವಾಗಿದೆ: ಆ ಕಾಯ್ದೆಯಡಿ ಅಪರಾಧವಾಗುವ ಕೃತ್ಯವು ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಬಾವಿಯಿಂದ ನೀರು ಸೇದಲು ಬಿಡದವನ ಮನಸ್ಸಿನಲ್ಲಿ ಏನಿತ್ತೆಂದು ನೀರಿಲ್ಲದೆ ಹಿಂದಿರುಗಿದವಳು ಸಾಬೀತುಪಡಿಸಬೇಕಾಗಿಲ್ಲ. ಹೊಸದಾಗಿ ಕೊರೆಸಿದ ಕೊಳವೆಬಾವಿಯಿಂದ ದಲಿತರು ನೀರು ಹಿಡಿಯದಂತೆ ಬಲ ತೋರಿಸಿ ತಡೆದ ಕರ್ನಾಟಕದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೈಕೋರ್ಟ್ ಬಿಡುಗಡೆ ಮಾಡಿದ್ದ ಆರೋಪಿಗಳ ಶಿಕ್ಷೆಯನ್ನು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಕೆ. ರಾಮಸ್ವಾಮಿ ಅವರ ಪೀಠ 1990ರ ದಶಕದ ಆರಂಭದಲ್ಲಿ ಮರುಸ್ಥಾಪಿಸಿತು. ಅಸ್ಪೃಶ್ಯತೆಯ ಬೇರುಗಳನ್ನು ವಿಸ್ತಾರವಾಗಿ ಚರ್ಚಿಸಿದ ಆ ತೀರ್ಪನ್ನು ಇಂದಿಗೂ ವಕೀಲರು ಉಲ್ಲೇಖಿಸುತ್ತಾರೆ.

1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದಾಗ ಈ ಜಾಣತನ ಅರ್ಧಕ್ಕೆ ನಿಂತಿತು. ಕಾಯ್ದೆಯ 3ನೇ ಕಲಮಿನ 2ನೇ ಉಪಕಲಮಿನಲ್ಲಿ ನಾಲ್ಕನೇ ಖಂಡ, ಐದನೇ ಖಂಡ ಎಂದು ಒಂದರ ಕೆಳಗೊಂದು ಎರಡು ಖಂಡಗಳಿವೆ. ದಲಿತರ ಅಥವಾ ಆದಿವಾಸಿಗಳ ವಾಸದ ಮನೆಯನ್ನೋ ಪೂಜಾಸ್ಥಳವನ್ನೋ ನಾಶಮಾಡಲೆಂದು ಬೆಂಕಿಯಿಟ್ಟರೆ ಜೀವಾವಧಿ ಶಿಕ್ಷೆ ಎನ್ನುತ್ತದೆ ನಾಲ್ಕನೆಯದು. ಅಲ್ಲಿ ಜಾತಿಯ ಕಾರಣದ ಮಾತೇ ಇಲ್ಲ. ಬೆಂಕಿಯಿಟ್ಟದ್ದು ಮತ್ತು ಅದು ಯಾರ ಮನೆ ಎಂಬುದು ಸಾಬೀತಾದರೆ ಸಾಕು. ಐದನೆಯದು ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯುಳ್ಳ ಯಾವುದೇ ಅಪರಾಧಕ್ಕೆ, ಅಂದರೆ ಕೊಲೆ, ಅತ್ಯಾಚಾರ, ದರೋಡೆಯಂಥವಕ್ಕೆ ಅನ್ವಯಿಸುತ್ತದೆ, ಅವುಗಳಿಗೂ ಜೀವಾವಧಿ. ಆದರೆ ಮೂಲ ಪಠ್ಯದಲ್ಲಿ ಒಂದು ಷರತ್ತಿತ್ತು: ಬಲಿಯಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಎಂಬ 'ಕಾರಣದಿಂದ' ಅಪರಾಧ ನಡೆದಿರಬೇಕು. ಇಪ್ಪತ್ತೈದು ವರ್ಷಗಳ ಕಾಲ ದೇಶದ ನ್ಯಾಯಾಲಯಗಳಲ್ಲಿ ಅತಿ ಭೀಕರ ಪ್ರಕರಣಗಳು ಎಡವಿ ಬಿದ್ದದ್ದು ಈ ಷರತ್ತಿನ ಹೊಸ್ತಿಲಲ್ಲಿ.

ಎಡವುವುದು ಹೇಗೆಂದು ತಿಳಿಯಬೇಕಾದರೆ ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಪಾಟೀ ಸವಾಲು ನಡೆಯುವ ರೀತಿಯನ್ನು ನೋಡಬೇಕು. ಫಿರ್ಯಾದಿ ಕಟಕಟೆಯಲ್ಲಿ ನಿಂತಿದ್ದಾನೆ. ಆರೋಪಿಯ ವಕೀಲರು ದನಿ ಏರಿಸದೆ ಕೇಳುತ್ತಾರೆ, ಬೆರಳಚ್ಚುಗಾರರು ಪ್ರಶ್ನೆಯನ್ನೂ ಉತ್ತರವನ್ನೂ ಸೇರಿಸಿ ಫಿರ್ಯಾದಿಯದೇ ಒಂದು ವಾಕ್ಯವಾಗಿ ಬರೆದುಕೊಳ್ಳುತ್ತಾರೆ: "ನಮ್ಮ ಜಮೀನಿಗೂ ಆರೋಪಿಯ ಜಮೀನಿಗೂ ಮಧ್ಯೆ ದಾರಿಯ ತಕರಾರು ಇತ್ತು ಎಂದರೆ ಸರಿ." ನಿಜವೇ ತಾನೆ, ಫಿರ್ಯಾದಿ ಒಪ್ಪುತ್ತಾನೆ. "ಘಟನೆಯ ದಿನವೂ ದಾರಿಯ ವಿಷಯಕ್ಕೇ ಮಾತಿಗೆ ಮಾತು ಬೆಳೆಯಿತು ಎಂದರೆ ಸರಿ." ಅದೂ ನಿಜ. "ಸದರಿ ತಕರಾರಿನಿಂದಲೇ ಗಲಾಟೆ ನಡೆಯಿತೇ ವಿನಾ ಬೇರೆ ಕಾರಣ ಇರಲಿಲ್ಲ ಎಂದರೆ ಸರಿಯಲ್ಲ" ಎಂದು ಮೂರನೆಯ ವಾಕ್ಯಕ್ಕೆ ಅವನು ಎಚ್ಚೆತ್ತು ಹೇಳಿದರೂ ಆ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಮೊದಲ ಎರಡು 'ಸರಿ'ಗಳ ಆಧಾರದ ಮೇಲೆ, ಹೊಡೆದದ್ದು ದಾರಿಯ ಕಾರಣದಿಂದ, ಜಾತಿಯ ಕಾರಣದಿಂದಲ್ಲ ಎಂಬ ವಾದ ತೀರ್ಪಿನೊಳಕ್ಕೆ ನಡೆದುಹೋಗುತ್ತದೆ.

ಈ ವಾದ ನಮ್ಮ ಹಳ್ಳಿಗಳ ಬದುಕನ್ನು ಬಲ್ಲವರು ಒಪ್ಪುವಂಥದ್ದಲ್ಲ. ಸರೀಕರ ಜೊತೆ ದಾರಿಯ ತಕರಾರಾದರೆ ಪಂಚಾಯ್ತಿ ಸೇರುತ್ತದೆ, ಸರ್ವೆಯವರು ಬಂದು ಕಲ್ಲು ನೆಡುತ್ತಾರೆ, ಅದೂ ಆಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಹತ್ತು ವರ್ಷ ದಾವೆ ನಡೆಯುತ್ತದೆ. ಕೇರಿಯವನ ಜೊತೆ ತಕರಾರಾದರೆ ದೊಣ್ಣೆ ಬರುತ್ತದೆ. ಜಗಳಕ್ಕೆ ಕಾರಣ ಜಮೀನೇ ಇರಬಹುದು. ಆದರೆ ಆ ಜಗಳವನ್ನು ದೊಣ್ಣೆಯಿಂದ ಬಗೆಹರಿಸಬಹುದು, ಬಗೆಹರಿಸಿದರೆ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಕೊಟ್ಟದ್ದು ಜಾತಿ. ಪೂರ್ವಗ್ರಹ ಎಂದರೆ ಹೊಡೆಯುವವನ ಎದೆಯಲ್ಲಿ ಆ ಕ್ಷಣಕ್ಕೆ ಉರಿಯುವ ದ್ವೇಷ ಮಾತ್ರವೆಂದು ತಿಳಿದರೆ ಇದು ಕಾಣುವುದಿಲ್ಲ. ಎಷ್ಟೋ ಸಲ ಅಲ್ಲಿ ದ್ವೇಷವೇ ಇರುವುದಿಲ್ಲ. ಇಂಥವನನ್ನು ಹೀಗೆ ನಡೆಸಿಕೊಳ್ಳಬಹುದು ಎಂಬ ತಣ್ಣನೆಯ, ರೂಢಿಗತ ನಂಬಿಕೆ ಇರುತ್ತದೆ.

ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಒಂದು ದಲಿತ ಕುಟುಂಬದ ತಾಯಿ, ಮಗಳು ಮತ್ತು ಇಬ್ಬರು ಗಂಡುಮಕ್ಕಳನ್ನು ಊರವರ ಗುಂಪು ಕೊಂದಿತು. 2008ರಲ್ಲಿ ವಿಚಾರಣಾ ನ್ಯಾಯಾಲಯ ಎಂಟು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ, ಆರು ಮಂದಿಗೆ ಮರಣದಂಡನೆಯನ್ನೇ ವಿಧಿಸಿತು. ಆದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. 2010ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಮರಣದಂಡನೆಯನ್ನು 25 ವರ್ಷಗಳ ಸೆರೆವಾಸಕ್ಕೆ ಇಳಿಸಿದಾಗಲೂ ಜಾತಿಯ ಹೇತುವನ್ನು ಒಪ್ಪಲಿಲ್ಲ. ಸಾಕ್ಷಿ ಹೇಳಿದ್ದಕ್ಕೆ ತೀರಿಸಿಕೊಂಡ ಸೇಡು ಎಂದು ನೋಡಿತು. ಸೇಡು ನಿಜವೇ ಇದ್ದೀತು. ಆದರೆ ದಲಿತ ಹೆಂಗಸೊಬ್ಬಳು ತಮ್ಮ ವಿರುದ್ಧ ಸಾಕ್ಷಿ ಹೇಳುವುದೇ ಸಹಿಸಲಾಗದ ಉದ್ಧಟತನವಾಗಿ ಕಂಡ ಊರಿನಲ್ಲಿ ಸೇಡು ಎಲ್ಲಿ ಮುಗಿಯುತ್ತದೆ, ಜಾತಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಹೇಗೆ?

ಸಂಸತ್ತು ತಡವಾಗಿಯಾದರೂ ಇದನ್ನು ಗ್ರಹಿಸಿತು. 2015ರ ತಿದ್ದುಪಡಿ, 2016ರ ಜನವರಿ 26ರಿಂದ ಜಾರಿಗೆ ಬಂದಂತೆ, ಐದನೇ ಖಂಡದ 'ಎಂಬ ಕಾರಣದಿಂದ' ಎಂಬುದನ್ನು ತೆಗೆದು 'ಎಂದು ತಿಳಿದು' ಎಂದು ಬದಲಿಸಿತು. ಜೊತೆಗೆ 8ನೇ ಕಲಮಿಗೆ ಒಂದು ಖಂಡ ಸೇರಿಸಿ, ಬಲಿಯಾದವರ ಅಥವಾ ಅವರ ಕುಟುಂಬದ ಪರಿಚಯ ಆರೋಪಿಗೆ ಇತ್ತೆಂದಾದರೆ ಅವರ ಜಾತಿಯೂ ಅವನಿಗೆ ತಿಳಿದಿತ್ತೆಂದೇ ಭಾವಿಸಬೇಕು ಎಂದಿತು. ಹಳ್ಳಿಯಲ್ಲಿ ಯಾರ ಜಾತಿ ಯಾವುದೆಂದು ಗೊತ್ತಿಲ್ಲದವರು ಯಾರು? ಹೇತುವಿನಿಂದ ಅರಿವಿಗೆ ಬಂದ ಈ ಬದಲಾವಣೆ ಎರಡು ಪದಗಳದ್ದೇ ಆದರೂ, ಸಾಬೀತುಪಡಿಸುವ ಹೊರೆಯನ್ನು ಅದು ಇಳಿಸಿದ ಪ್ರಮಾಣ ದೊಡ್ಡದು.

8ನೇ ಕಲಮಿನಲ್ಲಿ 1989ರಿಂದಲೂ ಇರುವ ಇನ್ನೊಂದು ಖಂಡವನ್ನು ವಕೀಲರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಗುಂಪೊಂದು ಈ ಕಾಯ್ದೆಯಡಿ ಅಪರಾಧ ಎಸಗಿದ್ದು, ಅದು ಜಮೀನಿನ ಅಥವಾ ಬೇರೆ ಯಾವುದೇ ವಿಷಯದ ಹಳೆಯ ತಕರಾರಿನ ಮುಂದುವರಿಕೆ ಎಂದು ಸಾಬೀತಾದರೆ, ಗುಂಪಿಗೆ ಸಮಾನ ಉದ್ದೇಶವಿತ್ತೆಂದು ಭಾವಿಸಬೇಕು ಎನ್ನುತ್ತದೆ ಅದು. ಇದು ಜಾತಿಯ ಹೇತುವಿನ ಬಗೆಗಿನ ನಿಯಮವಲ್ಲ, ಸಮಾನ ಉದ್ದೇಶದ್ದು ಎನ್ನುವುದು ನಿಜ. ಆದರೂ ಇದರಿಂದ ಒಂದು ಮಾತು ಖಚಿತವಾಗುತ್ತದೆ. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಜಮೀನಿನ ತಕರಾರಿನಿಂದಲೇ ಹುಟ್ಟುವ ದೌರ್ಜನ್ಯ. ಯಾವ ತಕರಾರು ಗುಂಪಿನ ಹೊಣೆಯನ್ನು ಗಟ್ಟಿಗೊಳಿಸಬೇಕೆಂದು ಶಾಸನ ಹೇಳುತ್ತದೋ, ಅದೇ ತಕರಾರನ್ನು ಜಾತಿ ಇರಲಿಲ್ಲ ಎನ್ನಲು ಆಧಾರ ಮಾಡಿಕೊಳ್ಳುವುದು ಶಾಸನವನ್ನು ತಲೆಕೆಳಗಾಗಿ ಓದಿದಂತೆ.

ಸುಪ್ರೀಂ ಕೋರ್ಟಿನಲ್ಲಿ ಈ ಅರಿವು ಸ್ಪಷ್ಟವಾಗಿ ಮೂಡಿದ್ದು 2021ರ ಏಪ್ರಿಲ್ 27ರ ತೀರ್ಪಿನಲ್ಲಿ. ಆಂಧ್ರದ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ, ಪರಿಶಿಷ್ಟ ಜಾತಿಯ ಯುವತಿಯ ಮೇಲಿನ ಅತ್ಯಾಚಾರದ ಪ್ರಕರಣ ಅದು. ಹೆಣ್ಣು, ದಲಿತೆ, ಅಂಧೆ ಎಂಬ ಮೂರೂ ಗುರುತುಗಳು ಒಂದರೊಳಗೊಂದು ಹೆಣೆದುಕೊಂಡು ಅವಳನ್ನು ದುರ್ಬಲಳನ್ನಾಗಿಸಿದವು, ಅವುಗಳಲ್ಲಿ ಒಂದನ್ನೇ ಬಿಡಿಸಿ ಕಾರಣ ಎಂದು ತೋರಿಸಲಾಗದು, 'ಕಾರಣದಿಂದ' ಎಂಬುದನ್ನು 'ಅದೊಂದೇ ಕಾರಣದಿಂದ' ಎಂದು ಓದಬಾರದು ಎಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದರು. ಇಷ್ಟೆಲ್ಲ ಹೇಳಿಯೂ, ಘಟನೆ ತಿದ್ದುಪಡಿಗೆ ಮೊದಲಿನದಾದ್ದರಿಂದ ಮತ್ತು ಜಾತಿಯ ಬಗ್ಗೆ ಸಾಕ್ಷ್ಯವನ್ನೇ ಮಂಡಿಸಿರಲಿಲ್ಲವಾದ್ದರಿಂದ, ಆ ಪ್ರಕರಣದಲ್ಲಿ ಐದನೇ ಖಂಡದ ಶಿಕ್ಷೆಯನ್ನು ನ್ಯಾಯಾಲಯ ರದ್ದುಪಡಿಸಿ ಅತ್ಯಾಚಾರದ ಜೀವಾವಧಿ ಶಿಕ್ಷೆಯನ್ನಷ್ಟೇ ಉಳಿಸಿತು. ತನಿಖೆಯ ಹಂತದಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಹತ್ತು ವರ್ಷಗಳ ನಂತರ ದೆಹಲಿಯಲ್ಲಿ ಕೂತು ತುಂಬಿಕೊಡಲು ಎಷ್ಟು ಒಳ್ಳೆಯ ನ್ಯಾಯಮೂರ್ತಿಗಳಿಗೂ ಸಾಧ್ಯವಿಲ್ಲ.

ಈಗ ನಾಲ್ಕನೇ ಖಂಡದ ಕಡೆಗೆ ಬರೋಣ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ದಲಿತರಿಗೆ ಪ್ರವೇಶವಿಲ್ಲದ ಊರು. ಗಂಗಾವತಿಯ ಚಿತ್ರಮಂದಿರದಲ್ಲಿ ಆದ ಜಗಳವೊಂದು ಕಿಡಿಯಾಯಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಅಪರಾಧಿಗಳೆಂದು ತೀರ್ಮಾನಿಸಿದ್ದ 101 ಮಂದಿಯ ಪೈಕಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಜಾತಿ ದೌರ್ಜನ್ಯದ ಪ್ರಕರಣವೊಂದರಲ್ಲಿ ಇಷ್ಟು ಮಂದಿಗೆ ಒಟ್ಟಿಗೆ ಜೀವಾವಧಿಯಾದದ್ದು ಅಪರೂಪದಲ್ಲಿ ಅಪರೂಪ. ಚಿತ್ರಮಂದಿರದ ಜಗಳವನ್ನು ಇಲ್ಲಿಯೂ 'ಕಾರಣ' ಎಂದು ಮುಂದೊಡ್ಡಬಹುದಿತ್ತು. ಆದರೆ ದಲಿತರ ಮನೆಗೆ ಬೆಂಕಿಯಿಡುವುದನ್ನೇ ಅಪರಾಧವೆಂದು ಹೇಳುವ ಕಾನೂನಿನ ಮುಂದೆ ಆ ವಾದಕ್ಕೆ ನೆಲೆಯಿಲ್ಲ. ಉಳಿದ ಮೂವರಿಗೆ ಐದು ವರ್ಷ ಮಾತ್ರ ಶಿಕ್ಷೆಯಾಯಿತು, ಏಕೆಂದರೆ ಅವರು ಸ್ವತಃ ಪರಿಶಿಷ್ಟ ಸಮುದಾಯಗಳಿಗೆ ಸೇರಿದವರು, ಮತ್ತು ಕಾಯ್ದೆ ಅನ್ವಯಿಸುವುದು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವರಿಗೆ ಮಾತ್ರ. ಪೂರ್ವಗ್ರಹವನ್ನು ಮನಸ್ಸಿನಲ್ಲಿ ಹುಡುಕದೆ ಸಾಮಾಜಿಕ ಸ್ಥಾನದಲ್ಲಿ ಗುರುತಿಸುವ ಕಾನೂನಿನ ಬಲ ಯಾವುದು, ಮಿತಿ ಯಾವುದು ಎನ್ನುವುದು ಈ ಎರಡು ಸಂಖ್ಯೆಗಳಲ್ಲಿ ಒಟ್ಟಿಗೇ ಕಾಣುತ್ತದೆ. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರ ಶಿಕ್ಷೆಯನ್ನು ಮೇಲ್ಮನವಿಯ ಇತ್ಯರ್ಥದವರೆಗೆ ಅಮಾನತಿನಲ್ಲಿಟ್ಟು ಜಾಮೀನು ನೀಡಿತು.

ಸಾಬೀತಿನ ಕಥೆ ನಿಜವಾಗಿ ಶುರುವಾಗುವುದು ಠಾಣೆಯಲ್ಲಿ, ದೂರು ಬರೆದುಕೊಳ್ಳುವವರ ಮೇಜಿನ ಮುಂದೆ. ಬಂದವನು ತನ್ನ ಮೇಲೆ ಬಿದ್ದ ಬೈಗುಳವನ್ನು ಬಿದ್ದಂತೆಯೇ ಹೇಳುತ್ತಾನೆ. ಅದರಲ್ಲಿ ಕೇರಿಯ ಹೆಸರಿರುತ್ತದೆ, ಹೊಲೆ, ತಮಟೆ, ಸತ್ತ ದನ ಎಲ್ಲ ಇರುತ್ತವೆ. ಕಾಗದಕ್ಕೆ ಇಳಿಯುವ ಹೊತ್ತಿಗೆ ಅದು 'ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಜೀವ ಬೆದರಿಕೆ ಹಾಕಿ' ಎಂದಾಗಿರುತ್ತದೆ. ಈ ವಾಕ್ಯವನ್ನು ರಾಜ್ಯದ ಯಾವ ತಾಲ್ಲೂಕಿನ ಎಫ್‌ಐಆರ್‌ನಲ್ಲಿ ಬೇಕಾದರೂ ನೋಡಬಹುದು. 'ಅವಾಚ್ಯ' ಎಂದರೆ ಹೇಳಬಾರದ್ದು. ಹೇಳಬಾರದ್ದೆಂದು ಬರೆಯದೆ ಬಿಟ್ಟದ್ದೇ ಮುಂದೆ ಸಾಕ್ಷ್ಯವಾಗಬೇಕಿದ್ದ ಮಾತು. ವಿಚಾರಣೆಯಲ್ಲಿ ಅವನು ಆ ಮಾತನ್ನು ಮೊದಲ ಸಲ ಹೇಳಿದಾಗ, ಇದು ದೂರಿನಲ್ಲಿ ಇರಲಿಲ್ಲ, ಆಮೇಲೆ ಕಟ್ಟಿದ್ದು ಎಂಬ ಆಕ್ಷೇಪ ಸಿದ್ಧವಾಗಿರುತ್ತದೆ. ಇನ್ನು ಇಡೀ ಕಾಯ್ದೆಗೆ ಕನ್ನಡದ ಬಳಕೆ ಮಾತಿನಲ್ಲಿ ಬಿದ್ದಿರುವ ಹೆಸರು 'ಜಾತಿ ನಿಂದನೆ ಕೇಸು'. ಸಾಮಾಜಿಕ ಬಹಿಷ್ಕಾರ, ಜಮೀನು ಕಬಳಿಕೆ, ಕೊಲೆಯವರೆಗೆ ಹತ್ತಾರು ಕೃತ್ಯಗಳನ್ನು ಒಳಗೊಂಡ ಕಾನೂನು ಜನರ ಬಾಯಲ್ಲಿ ಬೈಗುಳಕ್ಕೆ ಕುಗ್ಗಿದೆ, ಮತ್ತು ಜಾತಿ ಹೆಸರು ಹಿಡಿದು ಬೈಯದಿದ್ದರೆ ಕೇಸು ನಿಲ್ಲುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಎಷ್ಟೋ ಫಿರ್ಯಾದಿಗಳಲ್ಲೂ ಇದೆ.

ಬೈಗುಳದ ಖಂಡಗಳಿಗೆ ಬಂದರೆ, ಅಲ್ಲಿನ ಷರತ್ತು ಬೇರೆ: ನಿಂದನೆ ಸಾರ್ವಜನಿಕರ ದೃಷ್ಟಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಮನೆಯ ಗೇಟಿನ ಮುಂದೆ ಆದರೆ ಸಾರ್ವಜನಿಕ ದೃಷ್ಟಿ ಎಂದು 2008ರಲ್ಲಿ, ನಾಲ್ಕು ಗೋಡೆಗಳ ಒಳಗೆ ಹೊರಗಿನವರು ಯಾರೂ ಇಲ್ಲದಾಗ ಆದರೆ ಅಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಟ್ಟಡದ ನೆಲಮಾಳಿಗೆಯಲ್ಲಿ ಆಡಿದ ಮಾತಿನ ಪ್ರಕರಣವನ್ನು ನಮ್ಮ ಹೈಕೋರ್ಟ್ 2022ರಲ್ಲಿ ರದ್ದುಪಡಿಸಿತು. ನಿಂದಿಸಿದವನಿಗೆ ಜಾತಿ ತಿಳಿದಿದ್ದರೆ ಸಾಲದು, ನಿಂದನೆಯು ಆ ಗುರುತಿಗೇ ತಗುಲಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಇವು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಬರೀ ಮಾತನ್ನು ಅಪರಾಧ ಮಾಡುವಾಗ ಬಿಗಿಯಾದ ಗಡಿ ಬೇಕು. ಆ ಬಿಗಿಯನ್ನು ಬೆಂಕಿಗೂ ಕೊಲೆಗೂ ಎಳೆದು ತರುವುದು ಮಾತ್ರ ಬೇಡ.

ಎದುರು ವಾದವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೇ ಬಗೆಯ ಗಾಯಕ್ಕೆ ಹೊಡೆದವನ ವಿಚಾರವನ್ನು ನೋಡಿ ಹೆಚ್ಚು ಶಿಕ್ಷೆ ಕೊಟ್ಟರೆ, ಅದು ವಿಚಾರಕ್ಕೇ ಶಿಕ್ಷೆ ಕೊಟ್ಟಂತಲ್ಲವೇ? ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ವರ್ಷದ ಅಂತರದಲ್ಲಿ ಎರಡು ಕಡೆಯಿಂದ ಇದಕ್ಕೆ ಉತ್ತರಿಸಿತು. 1992ರಲ್ಲಿ ದ್ವೇಷದ ಅಭಿವ್ಯಕ್ತಿಯನ್ನು ದಂಡಿಸುತ್ತಿದ್ದ ಮಿನ್ನೆಸೋಟದ ನಗರ ಕಾನೂನೊಂದನ್ನು ರದ್ದುಪಡಿಸಿತು. 1993ರಲ್ಲಿ, ಬಲಿಯಾದವನನ್ನು ಜನಾಂಗದ ಆಧಾರದ ಮೇಲೆ ಆರಿಸಿಕೊಂಡು ಹೊಡೆದವನಿಗೆ ಶಿಕ್ಷೆ ಹೆಚ್ಚಿಸುವ ವಿಸ್ಕಾನ್ಸಿನ್ ಕಾನೂನನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. 'ಆರಿಸಿಕೊಂಡು' ಎಂಬ ಮಾತು ಉಪಯುಕ್ತವಾದದ್ದು. ದ್ವೇಷಿಸಿದನೇ ಎಂದು ಕೇಳದೆ, ಇವನನ್ನೇ ಏಕೆ ಆರಿಸಿದ ಎಂದು ಕೇಳಿದರೆ ಉತ್ತರ ಹೊರಗಿನ ನಡತೆಯಲ್ಲಿ ಸಿಗುತ್ತದೆ. ಇಂಗ್ಲೆಂಡಿನ 1998ರ ಕಾನೂನು ಎರಡು ದಾರಿ ಕೊಡುತ್ತದೆ: ಅಪರಾಧದ ಹಿಂದೆ ಜನಾಂಗೀಯ ಹಗೆತನವಿತ್ತೆಂದು ತೋರಿಸುವುದು ಒಂದು, ಅಪರಾಧದ ಹೊತ್ತಿಗೆ ಅಥವಾ ಅದರ ಹಿಂದುಮುಂದಿನ ಕ್ಷಣಗಳಲ್ಲಿ ಆರೋಪಿ ಅಂಥ ಹಗೆತನವನ್ನು ಪ್ರಕಟಿಸಿದನೆಂದು ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ಮನಸ್ಸನ್ನು ಬಗೆಯಬೇಕಿಲ್ಲ, ಕಿವಿ ತೆರೆದಿದ್ದರೆ ಸಾಕು. ನಡೆಯಲು ಕಷ್ಟವಿರುವವರು ಬಳಸುವ ಗಾಲಿಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ ಮೂವರು ಸ್ಪ್ಯಾನಿಷ್ ಯುವತಿಯರನ್ನು ಪರದೇಶಿಗಳೆಂದು ಬೈದು, ನಿಮ್ಮ ದೇಶಕ್ಕೆ ಹೋಗಿ ಎಂದು ಅಟ್ಟಿಸಿಕೊಂಡು ಹೋದ ಪ್ರಕರಣದಲ್ಲಿ, 'ಪರದೇಶಿಗಳು' ಎಂಬ ಬೈಗುಳವೂ ಜನಾಂಗೀಯ ಹಗೆತನದ ಪ್ರಕಟಣೆಯಾಗಬಲ್ಲದು ಎಂದು 2007ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿತು.

ಹೀಗೆ ಪ್ರತ್ಯೇಕವಾಗಿ ಗುರುತಿಸಲೇಬೇಕೇ ಎಂದು ಕೇಳುವವರಿಗೆ 2012ರ ಆಗಸ್ಟ್‌ನ ಬೆಂಗಳೂರನ್ನು ನೆನಪಿಸಬೇಕು. ಅಸ್ಸಾಂ ಗಲಭೆಯ ಬೆನ್ನಿಗೆ ಹಬ್ಬಿದ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಸಿಟಿ ರೈಲು ನಿಲ್ದಾಣದಲ್ಲಿ ನೆರೆದರು, ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಬ್ಬನ ಮುಖ ನೋಡಿ ಹೊಡೆದರೆ ಅದೇ ಮುಖದವರೆಲ್ಲ ಪೆಟ್ಟಿಗೆ ಹಣೆಯೊಡ್ಡಿದಂತೆ ಬದುಕಬೇಕಾಗುತ್ತದೆ. ಹೆಚ್ಚಿನ ಶಿಕ್ಷೆ ಈ ಹೆಚ್ಚಿನ ಹಾನಿಗೆ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಕೂದಲಿನ ಬಣ್ಣ ಕಂಡು ಹಂಗಿಸಿದ್ದರಿಂದ ಶುರುವಾದ ಜಗಳದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಸತ್ತ ಮೇಲೆ, ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆ ಮತ್ತು ಹಲ್ಲೆಗೆ ದಂಡಸಂಹಿತೆಯಲ್ಲಿ ಹೊಸ ಕಲಮುಗಳನ್ನು ಶಿಫಾರಸು ಮಾಡಿತು. ಸಂಹಿತೆಯನ್ನೇ ಹೊಸದಾಗಿ ಬರೆದಾಗಲೂ ಅವು ಬರಲಿಲ್ಲ.

ನಮ್ಮ ರಾಜ್ಯ ಬೇರೊಂದು ದಾರಿ ಹಿಡಿದಿದೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಉಭಯ ಸದನಗಳು ಅಂಗೀಕರಿಸಿದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಧರ್ಮವನ್ನು ಹೆಸರಿಟ್ಟು ಹೇಳುತ್ತದೆ, ಅಂಗವೈಕಲ್ಯ ಮತ್ತು ಲೈಂಗಿಕ ಅಭಿಮುಖತೆಯನ್ನೂ ಸೇರಿಸಿಕೊಳ್ಳುತ್ತದೆ. ಕೇಂದ್ರದ 103ನೇ ಕಲಮಿನಲ್ಲಿ ಧರ್ಮ ಎಂಬ ಪದವೇ ಇಲ್ಲದಿರುವಾಗ ಇದು ಸ್ವಾಗತಾರ್ಹ. ಆದರೆ ಮಸೂದೆಯ ಹೆಸರಿನಲ್ಲಿರುವ 'ದ್ವೇಷ ಅಪರಾಧ' ಅದರ ವ್ಯಾಖ್ಯೆಯೊಳಗೆ ಹೊಕ್ಕು ನೋಡಿದರೆ ದ್ವೇಷ ಭಾಷಣವನ್ನು ಪ್ರಕಟಿಸುವುದು, ಹರಡುವುದು, ಪ್ರಚೋದಿಸುವುದೇ ಆಗಿದೆ. ಹೊಡೆತ, ಬೆಂಕಿ, ಬಹಿಷ್ಕಾರ ಅದರೊಳಗಿಲ್ಲ. ಗರಿಷ್ಠ ಏಳು ವರ್ಷಗಳ ಸೆರೆವಾಸದ ಈ ಅಧಿಕಾರವನ್ನು ಮಾತಿನ ಮೇಲೆ ಪೊಲೀಸರ ಕೈಗೆ ಕೊಟ್ಟು, ಕೃತ್ಯಗಳನ್ನು ಹಳೆಯ ಕಲಮುಗಳಿಗೇ ಬಿಟ್ಟದ್ದು ನನ್ನ ದೃಷ್ಟಿಯಲ್ಲಿ ಆದ್ಯತೆಯನ್ನು ತಿರುವುಮುರುವು ಮಾಡಿದಂತೆ.

ಲೆಕ್ಕದ ವಿಷಯವೂ ಇದೆ. ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧಗಳೆಂದು 2022ರಲ್ಲಿ 57,582 ಪ್ರಕರಣಗಳು ದೇಶದಲ್ಲಿ ದಾಖಲಾದವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಗುಂಪು ಹತ್ಯೆ ಮತ್ತು ದ್ವೇಷಾಪರಾಧಗಳ ಬಗ್ಗೆ 2017ರಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಮಾತ್ರ, ವ್ಯಾಖ್ಯೆಗಳಿಲ್ಲದ್ದರಿಂದ ವಿಶ್ವಾಸಾರ್ಹವಲ್ಲವೆಂದು ಕೈಬಿಡಲಾಯಿತು.

ಕಾನೂನಿನ ಪದ ಎಷ್ಟು ಚೆನ್ನಾಗಿದ್ದರೂ ಅದನ್ನು ಹೊತ್ತು ನಿಲ್ಲಬೇಕಾದವರು ಸಾಕ್ಷಿಗಳು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರು ಮನೆಯೊಳಗೆ ಸುಟ್ಟು ಬೂದಿಯಾದರು. ಬೆಂಕಿಯಿಟ್ಟರೆ ಜೀವಾವಧಿ ಎನ್ನುವ ಖಂಡ ಅಂದೂ ಇತ್ತು. ಆದರೆ ಸಾಕ್ಷಿಗಳು ಪ್ರತಿಕೂಲವಾಗಿ, 2006ರಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು. 2014ರಲ್ಲಿ, ಮರಕುಂಬಿಗೆ ಬೆಂಕಿ ಬಿದ್ದ ವರ್ಷವೇ, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಊರಿನಲ್ಲಿ, ಅದೇ ಜಮೀನಿನಲ್ಲಿ ಕೂಲಿಗೆ ಹೋಗಬೇಕಾದವರು ಆರು ವರ್ಷ ಕಾದು ಸಾಕ್ಷಿ ಹೇಳಬೇಕಿತ್ತು. ಆಮೇಲೆ ಬಂದ 2015ರ ತಿದ್ದುಪಡಿ ಸಾಕ್ಷಿಗಳ ಹಕ್ಕುಗಳಿಗೇ ಒಂದು ಅಧ್ಯಾಯ ಸೇರಿಸಿತು: ರಕ್ಷಣೆ, ಪ್ರಯಾಣ ವೆಚ್ಚ, ಪುನರ್ವಸತಿ, ವಿಚಾರಣೆಯ ವಿಡಿಯೊ ಚಿತ್ರೀಕರಣ. ಡಿವೈಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂಬ ನಿಯಮ ಮೊದಲೇ ಇತ್ತು. ಕರ್ತವ್ಯ ಮರೆತ ಅಧಿಕಾರಿಗೆ ಶಿಕ್ಷೆಯೂ ಆ ಕಾಯ್ದೆಯಲ್ಲೇ ಇದೆ.

ಕುಡುಪುವಿನ ಸಾವಿಗೆ ಅನ್ವಯಿಸುವ 103ನೇ ಕಲಮಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಇಂತಿಷ್ಟು ಸಂಗತಿ ರುಜುವಾತಾದರೆ ಕಾರಣವನ್ನು ಭಾವಿಸಬಹುದೆಂಬ ನಿಯಮವಿಲ್ಲ, ವಿಶೇಷ ನ್ಯಾಯಾಲಯವಿಲ್ಲ, ತನಿಖಾಧಿಕಾರಿಯ ದರ್ಜೆಯ ಮಾತಿಲ್ಲ. ಮೊದಲ ದಿನ ಅಸಹಜ ಸಾವೆಂದು ಬರೆದುಕೊಂಡ ಠಾಣೆಯ ದಾಖಲೆಯಿಂದ ಹೊರಟು, ಮೈದಾನದಲ್ಲಿ ಅಂದು ನಿಂತು ನೋಡಿದವರ ಬಾಯಿಂದ, ಹೊಡೆದ ಕೈಗಳ ಹಿಂದೆ ಇದ್ದದ್ದು 'ಸಮುದಾಯ'ವೋ 'ವೈಯಕ್ತಿಕ ನಂಬಿಕೆ'ಯೋ ಅಥವಾ 'ಅಂಥದೇ ಬೇರೆ ಕಾರಣ'ವೋ ಎಂಬುದನ್ನು ಪ್ರಾಸಿಕ್ಯೂಷನ್ ಹೊರಗೆಳೆಯಬೇಕು. ಎದುರು ಬದಿಯ ವಕೀಲರು, ಘೋಷಣೆ ಕೇಳಿ ಬಂದ ಸಿಟ್ಟೇ ವಿನಾ ಬೇರೆ ಕಾರಣ ಇರಲಿಲ್ಲ ಎಂದರೆ ಸರಿ ಎಂಬ ವಾಕ್ಯದೊಂದಿಗೆ ಎದ್ದು ನಿಲ್ಲಬಹುದು.